ಗಾಯದ ಮೇಲೆ ಅಂಟಿಸಬಾರದು

ಆಂಟಿಯ ಬಲಗೈ ಹೆಬ್ಬೆರಳು ತಣ್ಣಗಿತ್ತು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ನನ್ನ ಹಿಮ್ಮಡಿಯಿಂದ ಹೊರಟು, ಅಂಗಾಲಿನ ಹೊಂಡದಲ್ಲಿ ಇಳಿದು ಹತ್ತಿ, ಒಂದೊಂದೇ ಬೆರಳಿನ ಸಂದಿಯಲ್ಲಿ ನಿಂತು, ಮತ್ತೆ ಹಿಮ್ಮಡಿಗೆ ವಾಪಸು ಬಂದ ಹೆಬ್ಬೆರಳು. ಉಗುರನ್ನು ಮಾಂಸಕ್ಕೆ ತಾಗುವಷ್ಟು ಗಿಡ್ಡ ಕತ್ತರಿಸಿರುತ್ತಿದ್ದರು. ತುದಿಯ ಚರ್ಮ ಸವೆದು ನುಣುಪಾಗಿತ್ತು. ಇಷ್ಟು ಖಚಿತ. ತಣ್ಣಗಿತ್ತೋ ಬೆಚ್ಚಗಿತ್ತೋ, ಈಗ ಕೇಳಿದರೆ ಹೇಳಲಾರೆ. ಅದು ಮಿಷಿಗನ್ನಿನ ಜನವರಿ, ಮನೆಯ ಮುಂಬಾಗಿಲು ತೆರೆದಿತ್ತು, ಹಾಗಾಗಿ ಬೆರಳು ತಣ್ಣಗೇ ಇದ್ದಿರಬೇಕು ಎಂದು ನಾನೇ ಆಮೇಲೆ ಸೇರಿಸಿಕೊಂಡಿರುವ ಸಾಧ್ಯತೆ ಇದೆ. ಆಂಟಿಯ ಬಗ್ಗೆ ನನಗೆ ನೆನಪಿರುವ ಸಂಗತಿಗಳಲ್ಲಿ ಇಂಥ ಸೇರ್ಪಡೆಗಳು ಎಷ್ಟಿವೆಯೋ ತಿಳಿಯದು. ತಿಳಿದಷ್ಟನ್ನು ಬರೆಯುತ್ತೇನೆ. ಎಲ್ಲಿ ಅನುಮಾನವಿದೆಯೋ ಅಲ್ಲಿ ಹೇಳುತ್ತೇನೆ.

ನಾನಾಗ ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಾ ಕ್ಯಾಂಟನ್ನಿನಲ್ಲಿ ಸೋದರಮಾವನ ಮನೆಯಲ್ಲಿದ್ದೆ. ಮಾವ ಮೈಸೂರಿನವರು, ಕಾರಿನ ಬಿಡಿಭಾಗಗಳನ್ನು ಮಾಡುವ ಕಾರ್ಖಾನೆಯಲ್ಲಿ ಎಂಜಿನಿಯರ್. ಆಂಟಿಯದು ಅದೇ ಬಡಾವಣೆಯಲ್ಲಿ ನಮ್ಮಿಂದ ನಾಲ್ಕನೇ ಮನೆ. ಧಾರವಾಡದ ಕಡೆಯವರು. ಗಂಡ ಹೋಗಿ ಬಹಳ ವರ್ಷವಾಗಿತ್ತು, ಮಗಳು ಕಾಲೇಜಿನಲ್ಲಿದ್ದಳು. ಊರಿನ ಕನ್ನಡದವರೆಲ್ಲ, ಅವರಿಗಿಂತ ನಾಲ್ಕೈದು ವರ್ಷ ಮಾತ್ರ ಚಿಕ್ಕವರಾದ ಮಾವನೂ ಸೇರಿ, ಅವರನ್ನು ಅಕ್ಕ ಎನ್ನುತ್ತಿದ್ದರು. ನಮ್ಮಂಥವರಿಗೆ ಆಂಟಿ.

ನಿವೃತ್ತರಾಗುವ ತನಕ ಅವರು ಕಾರಿನ ಬಾಗಿಲುಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದರು. ಬಣ್ಣ ಹೊಡೆದು ಒಣಗಿದ ಬಾಗಿಲು ಎದುರಿಗೆ ಬಂದು ನಿಂತರೆ, ತೆಳು ಹತ್ತಿಯ ಕೈಗವಸು ಹಾಕಿದ ಕೈಯನ್ನು ಅದರ ಮೇಲೆ ಮೂರು ಸಲ ಆಡಿಸಬೇಕು. ಎಲ್ಲಾದರೂ ತಗ್ಗು, ಗುಳ್ಳೆ, ಮರಳಿನ ಕಾಳು ಸಿಕ್ಕರೆ ಬಾಗಿಲು ಹಿಂದಕ್ಕೆ. ಯಂತ್ರ ಬಂದ ಮೇಲೂ ಕೊನೆಗೆ ಒಮ್ಮೆ ಆಂಟಿಯ ಕೈ ಆಡಬೇಕಿತ್ತಂತೆ. "ಕಣ್ಣು ಮೋಸ ಮಾಡ್ತಾವ, ಬೆರಳು ಮಾಡಂಗಿಲ್ಲ" ಎನ್ನುತ್ತಿದ್ದರು. ಆ ಅಭ್ಯಾಸ ಕೆಲಸದ ಜೊತೆ ಬಿಟ್ಟುಹೋಗಿರಲಿಲ್ಲ. ಇಂಡಿಯನ್ ಸ್ಟೋರಿನಲ್ಲಿ ಬದನೆಕಾಯಿ, ಯಾರದೋ ಮನೆಯ ಹೊಸ ಸ್ಟೀಲಿನ ಡಬರಿ, ಮಗುವಿನ ತಲೆ, ಏನು ಸಿಕ್ಕರೂ ಹೆಬ್ಬೆರಳು ತಾನಾಗಿ ಓಡಾಡುತ್ತಿತ್ತು. ನಾನು ಹಳೆಯ ಕಾರೊಂದನ್ನು ತೆಗೆದುಕೊಂಡು ಹೆಮ್ಮೆಯಿಂದ ತೋರಿಸಿದಾಗ ಎಡಗಡೆಯ ಹಿಂದಿನ ಬಾಗಿಲನ್ನು ಸವರಿ, "ತಮ್ಮಾ, ಇದಕ್ಕ ಒಮ್ಮೆ ಪೆಟ್ಟು ಬಿದ್ದದ. ಮತ್ತ ಬಣ್ಣಾ ಹೊಡದಾರ" ಎಂದರು. ನಾನು ನಕ್ಕೆ. ಮುಂದೆ ಒಬ್ಬ ಮೆಕ್ಯಾನಿಕ್ ಅದನ್ನೇ ಹೇಳಿದ.

ಇಂಥವರು ಅಂಗಾಲಿಗೆ ಅಂಟಿಸುವ ಆ ಪಟ್ಟಿಗಳನ್ನು ನಂಬಿದ್ದು ನನಗೆ ಆಗ ಸಹಿಸಲಾಗದ ವಿಷಯವಾಗಿತ್ತು.

ಬೇರೆ ರಾಜ್ಯದ ಲೊಂಬಾರ್ಡ್‌ನಲ್ಲಿದ್ದ ಅವರ ತಂಗಿ ಡಬ್ಬಿಗಟ್ಟಲೆ ಕಳಿಸುತ್ತಿದ್ದಳು. ಚಹಾಪುಡಿಯ ಚೀಲದಂಥ ಬಿಳಿ ಪಟ್ಟಿ, ಒಳಗೆ ಬೂದುಬಣ್ಣದ ಪುಡಿ. ಮಲಗುವಾಗ ಅಂಗಾಲಿಗೆ ಅಂಟಿಸಿಕೊಂಡರೆ ಬೆಳಿಗ್ಗೆಯ ಹೊತ್ತಿಗೆ ಮೈಯೊಳಗಿನ ವಿಷವನ್ನೆಲ್ಲ ಹೀರಿ ಕಪ್ಪಾಗುತ್ತದೆ ಎಂದು ಡಬ್ಬಿಯ ಮೇಲೆ ಬರೆದಿತ್ತು. ಮನುಷ್ಯನ ಚಿತ್ರ, ಅವನ ಪಾದದಿಂದ ಕೆಳಗಿಳಿಯುವ ಕಪ್ಪು ಬಾಣಗಳು. ಕಪ್ಪಾಗುತ್ತಿದ್ದದ್ದಂತೂ ನಿಜ. ಆಂಟಿ ಇದನ್ನು ಯಾರಿಗೂ ಮಾರುತ್ತಿರಲಿಲ್ಲ. ಸುತ್ತಲಿನ ಐದಾರು ಮಂದಿಗೆ ತಾವೇ ಅಂಟಿಸುತ್ತಿದ್ದರು, ಶನಿವಾರ ಸಂಜೆ, ತಮ್ಮ ಮನೆಯ ಬೇಸ್‌ಮೆಂಟಿನಲ್ಲಿ.

ಬಂದವರು ಸೋಫಾದಲ್ಲಿ ಕೂರಬೇಕು. ಆಂಟಿ ಎದುರಿಗೆ ಮಣೆ ಹಾಕಿಕೊಂಡು, ತೊಡೆಯ ಮೇಲೆ ಟವೆಲ್ ಹರವಿ, "ಇಡ್ರಿ ಕಾಲು" ಎನ್ನುತ್ತಿದ್ದರು. ಹಿರಿಯ ಹೆಂಗಸಿನ ತೊಡೆಯ ಮೇಲೆ ಕಾಲಿಡಲು ಯಾವ ಅಂಕಲ್‌ಗೆ ಮನಸ್ಸು ಬಂದೀತು? ಮಾವ ಮೊದಲ ಸಲ ಹಿಂದೆ ಸರಿದದ್ದು ನೆನಪಿದೆ.

"ಬೇಡಿ ಅಕ್ಕ, ಪಾಪ ಸುತ್ಕೊಳ್ಳುತ್ತೆ. ಪಟ್ಟಿ ಕೊಡಿ, ನಾನೇ ಮನೇಲಿ ಹಾಕ್ಕೋತೀನಿ."

"ಅಣ್ಣಾರ, ನಿಮ್ಮ ಹೊಟ್ಟಿ ದಾಟಿ ನಿಮ್ಮ ಕಾಲು ನಿಮಗ ಕಾಣಸ್ತದೇನು? ಸಾವಿರಗಟ್ಟಲೆ ಬಾಗಲಾ ಮುಟ್ಟೇನಿ, ನಿಮ್ಮ ಕಾಲೇನು ದೊಡ್ಡದು. ಇಡ್ರಿ."

ಮಾವ ಇಟ್ಟರು. ಇಟ್ಟು, ಕಾಲು ತಾಗಿದ್ದಕ್ಕೆ ಆಂಟಿಯ ಭುಜವನ್ನು ಬೆರಳ ತುದಿಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಮೇಲೆ ಅದೇ ಅಲ್ಲಿನ ಕ್ರಮವಾಯಿತು. ಪ್ರತಿಯೊಬ್ಬರೂ ಕಾಲಿಡುವುದು, ಭುಜ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು. ಆಂಟಿಯ ಗಮನ ಅತ್ತ ಇರುತ್ತಿರಲಿಲ್ಲ. ಹೆಬ್ಬೆರಳು ಹಿಮ್ಮಡಿಯಿಂದ ಹೊರಟಿರುತ್ತಿತ್ತು. ಒಂದು ಕಾಲಿಗೆ ಮೂರು ಸಲ. ಆಮೇಲೆ ಪಟ್ಟಿ. ಡಬ್ಬಿಯ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ, ಗಾಯವಿರುವ ಅಥವಾ ಒಡೆದ ಚರ್ಮದ ಮೇಲೆ ಅಂಟಿಸಬಾರದು ಎಂಬ ಸೂಚನೆ ಇತ್ತು. ಆ ಸಾಲನ್ನು ಬೇರೆ ಯಾರೂ ಓದಿರಲಿಲ್ಲ. ಆಂಟಿ ಓದಿದ್ದರು, ಓದಿ ಪಾಲಿಸುತ್ತಿದ್ದರು. ಹಿಮ್ಮಡಿ ಒಡೆದಿದ್ದರೆ ಆ ವಾರ ಪಟ್ಟಿ ಇಲ್ಲ, ವ್ಯಾಸಲೀನ್ ಹಚ್ಚಿಕೊಂಡು ಮುಂದಿನ ವಾರ ಬಾ ಎಂದು ಕಳಿಸುತ್ತಿದ್ದರು. ಹೀಗೆ ವಾಪಸಾದವರಿಗೆ ಪರೀಕ್ಷೆಯಲ್ಲಿ ಫೇಲಾದಷ್ಟು ಅವಮಾನವಾಗುತ್ತಿತ್ತು.

ಭಾನುವಾರ ಬೆಳಿಗ್ಗೆ ಎಲ್ಲರೂ ತಂತಮ್ಮ ಪಟ್ಟಿಗಳನ್ನು ಜಿಪ್‌ಲಾಕ್ ಚೀಲದಲ್ಲಿ ಹಾಕಿಕೊಂಡು ಆಂಟಿಯ ಮನೆಗೆ ಇಡ್ಲಿಗೆ ಬರುತ್ತಿದ್ದರು. ಊಟದ ಮೇಜಿನ ಒಂದು ತುದಿಯಲ್ಲಿ ಪಟ್ಟಿಗಳ ಪ್ರದರ್ಶನ.

"ನಂದು ಈ ಸಲ ಬರೀ ಕಾಫಿ ಬಣ್ಣ. ಹೋದ ವಾರ ಡಾಂಬರು ಇದ್ದಂಗಿತ್ತು."

"ಹೋದ ವಾರ ನಿಮ್ಮತ್ತೆ ಬಂದಿದ್ರಲ್ಲಾ, ಅದಕ್ಕೆ ವಿಷ ಜಾಸ್ತಿ."

ಮಾವನಿಗೆ ಸಕ್ಕರೆ ಕಾಯಿಲೆ ಬಹಳ ವರ್ಷದ್ದು. ಕಾಲುಗಳಲ್ಲಿ ಜೋಮು ಹಿಡಿದಂತಾಗಿ, ಆಮೇಲೆ ಆ ಜೋಮೂ ಇಲ್ಲವಾಗಿತ್ತು. ದಿನಾ ಕಾಲು ನೋಡಿಕೊಳ್ಳಿ ಎಂದು ಡಾಕ್ಟರ್ ಹೇಳಿದ್ದರು. ಮಾವ ತಲೆಯಾಡಿಸಿ ಬಂದಿದ್ದರು. ಅತ್ತೆ ನೋಡಲು ಹೋದರೆ, "ಏನಾಗಿದೆ ನಂಗೆ? ಕಾಲ್ ಹಿಡ್ಕೊಂಡು ಕೂತ್ಕೋಬೇಡ, ಏಳು" ಎಂದು ಗದರುತ್ತಿದ್ದರು. ನಾನು ಎರಡು ವರ್ಷ ಅದೇ ಮನೆಯಲ್ಲಿದ್ದೆ, ಅಲ್ಲಿ ಅವರ ಅಂಗಾಲನ್ನು ಒಮ್ಮೆಯೂ ನೋಡಿರಲಿಲ್ಲ. ಮನೆಯೊಳಗೂ ಯಾವಾಗಲೂ ಕಾಲುಚೀಲ. ಡಾಕ್ಟರಿಗೆ ಕಾಲು ತೋರಿಸಿದರೆ ಕಾಯಿಲೆಯವನಾಗಬೇಕಿತ್ತು. ಆಂಟಿಯ ಮುಂದೆ ಇಟ್ಟರೆ ಆರೋಗ್ಯ ಕಾಪಾಡಿಕೊಳ್ಳುವವನು. ಇದನ್ನು ನಾನು ಗಮನಿಸಿದ್ದು ತೀರ ಈಚೆಗೆ. ಆಗ ನನ್ನ ತಲೆಯಲ್ಲಿದ್ದದ್ದು ಒಂದೇ: ಓದಿದ ಮನುಷ್ಯ, ಎಂಜಿನಿಯರ್, ಮಾತ್ರೆಯ ಜೊತೆಗೆ ಆ ಪಟ್ಟಿಯ ಪುಡಿಯನ್ನೂ ನಂಬಿಕೊಂಡು ಕೂತಿದ್ದಾನಲ್ಲ ಎಂಬ ಸಿಟ್ಟು.

ಒಂದು ಭಾನುವಾರ ನಾನೂ ಇಡ್ಲಿಗೆ ಹೋದೆ. ಹೋದದ್ದು ಇಡ್ಲಿಗಲ್ಲ. ಆಂಟಿ ಹಿಟ್ಟು ಹುಯ್ದು ಪಾತ್ರೆಯ ಮುಚ್ಚಳ ಹಾಕುವ ಮೊದಲು, ಹೊಸ ಪಟ್ಟಿಯೊಂದನ್ನು ಒಡೆದು ಮೇಲಿನ ತಟ್ಟೆಯ ಖಾಲಿ ಗುಳಿಯಲ್ಲಿ ಇಟ್ಟೆ.

"ಏನ್ ಮಾಡ್ಲಿಕ್ಕತ್ತೀಯೋ?"

"ಹತ್ತು ನಿಮಿಷ ಬಿಡಿ ಆಂಟಿ. ಎಕ್ಸ್‌ಪೆರಿಮೆಂಟ್."

ಹತ್ತು ನಿಮಿಷದ ನಂತರ ಮುಚ್ಚಳ ತೆಗೆದಾಗ ಇಡ್ಲಿಗಳ ನಡುವೆ ಪಟ್ಟಿ ಕರ್ರಗೆ ಕೂತಿತ್ತು. ಯಾರ ಅಂಗಾಲಿನ ಪಟ್ಟಿಯೂ ಅಷ್ಟು ಕಪ್ಪಾಗಿರಲಿಲ್ಲ. ಹೊಗೆಯ, ಹುಳಿಯ ವಾಸನೆ ಅಡುಗೆಮನೆ ತುಂಬಿತು. ಆಂಟಿಯೇ ಮೊದಲು ಬಾಯಿಬಿಟ್ಟರು.

"ಅಯ್ಯ ಶಿವನ, ನನ್ನ ಇಡ್ಲಿಯೊಳಗೂ ವಿಷ ಅದನೂ?"

"ಇಲ್ಲ ಅಕ್ಕ, ಇಡ್ಲಿಗೆ ಡೀಟಾಕ್ಸ್ ಆಯ್ತು. ಈಗ ನಿಶ್ಚಿಂತೆಯಿಂದ ತಿನ್ನಬೋದು" ಎಂದರು ಮಾವ.

ನಗು ಎದ್ದಿತು. ಆ ನಗುವಿನ ಮೇಲೆ ನಿಂತು ನಾನು ಪಾಠ ಮಾಡಿದೆ. ಪುಡಿಯಲ್ಲಿರುವುದು ಮರದಿಂದ ತೆಗೆದ ವಿನೆಗರ್, ತೇವ ತಾಗಿದರೆ ಕಪ್ಪಾಗುತ್ತದೆ, ಇಡ್ಲಿಯ ಹಬೆಯಾದರೂ ಸರಿ, ಕಾಲಿನ ಬೆವರಾದರೂ ಸರಿ. ಮೈಯ ಕಸ ತೆಗೆಯಲು ಪಿತ್ತಜನಕಾಂಗವಿದೆ, ಮೂತ್ರಪಿಂಡಗಳಿವೆ. ಅಂಗಾಲಿನಲ್ಲಿ ಅದಕ್ಕೆ ದಾರಿಯೇ ಇಲ್ಲ. ಯಾವ ವಿಷ ಹೊರಗೆ ಬಂತು ಎಂದು ಕೇಳಿದರೆ ಡಬ್ಬಿ ಮಾಡಿದವರೂ ಹೆಸರು ಹೇಳಲಾರರು. ಇದರಲ್ಲಿ ಒಂದಕ್ಷರವನ್ನೂ ನಾನು ಇವತ್ತಿಗೂ ಹಿಂತೆಗೆದುಕೊಳ್ಳುವುದಿಲ್ಲ.

ಆಮೇಲೆ ಆಂಟಿ ಆ ತಟ್ಟೆಯ ಇಡ್ಲಿಯೊಂದನ್ನು ತೆಗೆದು ಚಟ್ನಿಯಲ್ಲಿ ಅದ್ದಿ ತಿಂದರು ಎಂದು ನನ್ನ ನೆನಪು. ಅವರ ಮಗಳೂ ಅಲ್ಲಿದ್ದಳು. ಅವಳ ಪ್ರಕಾರ ಅಮ್ಮ ಇಡೀ ತಟ್ಟೆಯನ್ನು ಕಸದ ಬುಟ್ಟಿಗೆ ಸುರಿದು, ಪಾತ್ರೆಯನ್ನು ಮೂರು ಸಲ ತೊಳೆದು, ಅವತ್ತು ಎಲ್ಲರಿಗೂ ಬ್ರೆಡ್ ಕೊಟ್ಟಳು. ಇಬ್ಬರಲ್ಲಿ ಒಬ್ಬರು ತಪ್ಪು. ನಾನೇ ಇರಬಹುದು, ತಿಂದರು ಎಂದಿಟ್ಟುಕೊಂಡರೆ ನನ್ನ ಮನಸ್ಸಿಗೆ ಹಗುರ.

ಮಾವ ಮನೆಗೆ ಬಂದು ಅತ್ತೆಯ ಮುಂದೆ, "ನಮ್ಮ ಹುಡುಗ ಪ್ರೂವ್ ಮಾಡ್ಬಿಟ್ಟ ಕಣೇ. ಅಕ್ಕನ ಪಟ್ಟಿ ಇಡ್ಲಿ ಹಬೇಲೂ ಕಪ್ಪಾಯ್ತು" ಎಂದರು. ನನಗೆ ಖುಷಿಯಾಯಿತು. ಮುಂದಿನ ಶನಿವಾರ ಸಂಜೆ ಅವರು ಆಂಟಿಯ ಮನೆಗೆ ಹೋಗಲಿಲ್ಲ. ನಾವಿಬ್ಬರೂ ಸೋಫಾದಲ್ಲಿ ಕೂತು ಬ್ಯಾಸ್ಕೆಟ್‌ಬಾಲ್ ನೋಡಿದೆವು. ಮಾವನ ಕಾಲುಗಳು ದಪ್ಪ ಬೂದು ಕಾಲುಚೀಲದೊಳಗೆ ಮೇಜಿನ ಮೇಲಿದ್ದವು, ನನ್ನ ಮುಖದಿಂದ ಮೂರಡಿ ದೂರ.

ಅದರ ಮುಂದಿನ ಶನಿವಾರ ಮಧ್ಯಾಹ್ನ ಕರೆಗಂಟೆ ಸದ್ದು ಮಾಡಿತು. ಹೊರಗೆ ಹದಿನೈದು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ. ಆಂಟಿ ಟವೆಲ್ ಮತ್ತು ಮಣೆ ಹಿಡಿದುಕೊಂಡು ನಿಂತಿದ್ದರು. ಹೆಗಲಚೀಲದಲ್ಲಿ ಪಟ್ಟಿಯ ಡಬ್ಬಿಯೂ ಇತ್ತು.

"ಎಲ್ಲದಾರೋ ನಿಮ್ಮ ಮಾವ?"

"ಆಂಟಿ, ಮತ್ತೆ ಅದೇ ಪಟ್ಟಿನಾ? ಅವತ್ತು ನೋಡಿದ್ರಲ್ಲ."

"ನೋಡೇನಪಾ. ನಿನ್ನ ಇಡ್ಲಿ ಬ್ಯಾರೆ, ಮನಷ್ಯಾರ ಕಾಲು ಬ್ಯಾರೆ. ದಾರಿ ಬಿಡು."

ಮಾವ ನಾಚಿಕೊಂಡು ಎದ್ದರು. ನನ್ನ ಕಡೆ ನೋಡಿದರು, ಆಂಟಿಯ ಕಡೆ ನೋಡಿದರು. ಮನೆಗೆ ಬಂದ ಹಿರಿಯರಿಗೆ ಇಲ್ಲ ಎನ್ನಲಾಗದೆ ಎಡಗಾಲಿನ ಚೀಲ ತೆಗೆದರು. ಮೂರು ಸಲ. ಏನಿಲ್ಲ. ಬಲಗಾಲಿನ ಚೀಲ ಎಳೆಯುವಾಗ ಅದು ಒಂದು ಕಡೆ ಹಿಡಿದುಕೊಂಡಿತು. ಎರಡನೆಯ ಬೆರಳಿನ ಬುಡದಲ್ಲಿ ಚೀಲ ಚರ್ಮಕ್ಕೆ ಒಣಗಿ ಅಂಟಿತ್ತು. ಆಂಟಿ ಬೆಚ್ಚಗಿನ ನೀರು ತರಿಸಿ, ನೆನೆಸಿ, ನಿಧಾನವಾಗಿ ಬಿಡಿಸಿದರು. ಕಾಳುಮೆಣಸಿನಷ್ಟು ತೂತು, ಸುತ್ತ ಊತ, ಬೆರಳು ನೀಲಿಗಟ್ಟಿತ್ತು. ವಾಸನೆ ಇತ್ತು. ಅತ್ತೆ ಬಾಯಿಗೆ ಸೆರಗು ಹಿಡಿದುಕೊಂಡರು.

"ನೋವೇ ಇಲ್ವಲ್ಲ ಅಕ್ಕ" ಎಂದರು ಮಾವ.

"ನೋವಿಲ್ಲಲಾ, ಅದ ನಿಮ್ಮ ರೋಗ."

ಅವರು ಪಟ್ಟಿಯ ಡಬ್ಬಿಯನ್ನು ಹೆಗಲಚೀಲಕ್ಕೆ ವಾಪಸು ಹಾಕಿದರು. "ಗಾಯದ ಮ್ಯಾಲ ಹಚ್ಚಬಾರ್ದು ಅಂತ ಬರದಾರ" ಎಂದರು, ನನಗಲ್ಲ, ತಮಗೇ ಹೇಳಿಕೊಂಡಂತೆ. ಆಮೇಲೆ ನನಗೆ: "ಅವರು ಕೆಲಸಕ್ಕ ಹಾಕ್ಕೊಂಡು ಹೋಗೋ ಬೂಟು ತಗೊಂಡು ಬಾ."

ಬೂಟು ಯಾಕೆ ಎಂದು ಕೇಳಿದೆನೋ ಇಲ್ಲವೋ. ತಂದುಕೊಟ್ಟೆ. ಆಂಟಿ ಬಲ ಬೂಟಿನೊಳಗೆ ಕೈ ಹಾಕಿ, ಮುಖ ಕಿಟಕಿಯ ಕಡೆ ತಿರುಗಿಸಿಕೊಂಡು, ಹೆಬ್ಬೆರಳನ್ನು ಹಿಮ್ಮಡಿಯಿಂದ ಮುಂದಕ್ಕೆ ಓಡಿಸಿದರು. ಒಂದೆಡೆ ಬೆರಳು ನಿಂತಿತು. ತಳದಿಂದ ಒಳಕ್ಕೆ ತೂರಿದ ಒಂದು ಸ್ಕ್ರೂ, ಅಕ್ಕಿಕಾಳಿನಷ್ಟು ಮೇಲೆ ಬಂದಿತ್ತು. ಕಾರ್ಖಾನೆಯ ನೆಲದಲ್ಲಿ ತುಳಿದದ್ದು. ಅದರ ಮೇಲೆ ಮಾವ ದಿನಾ ನಡೆದಾಡಿದ್ದರು. ದೋಷ ಸಿಕ್ಕರೆ ಅದು ಎಲ್ಲಿಂದ ಬಂತು ಎಂದೂ ಹುಡುಕಿ ಬರೆಯಬೇಕೆಂಬುದು ಆಂಟಿಯ ಹಳೆಯ ಕೆಲಸದ ನಿಯಮ ಎಂದು ಆಮೇಲೆ ಗೊತ್ತಾಯಿತು.

ಆಂಬುಲೆನ್ಸ್ ಕರೆಯೋಣವೇ ಎಂದು ನಾವು ಚರ್ಚಿಸುವಷ್ಟರಲ್ಲಿ ಆಂಟಿ ಕಾರು ತಂದಿದ್ದರು. ನಾನು ಹಿಂದಿನ ಸೀಟಿನಲ್ಲಿ ಬೂಟನ್ನು ಕಿರಾಣಿ ಚೀಲದಲ್ಲಿ ಹಾಕಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಈ ಪಯಣದ ಬಗ್ಗೆ ನಾನು ಹೇಳುತ್ತಾ ಬಂದ ಕಥೆಯಲ್ಲಿ ಆಂಟಿ ಕನ್ನಡಿಯಲ್ಲಿ ನನ್ನನ್ನು ನೋಡಿ, "ಪಟ್ಟಿ ಸುಳ್ಳಿರಬಹುದೋ ತಮ್ಮಾ, ಕಾಲು ಖರೇ ಅದಾವ" ಎನ್ನುತ್ತಾರೆ. ಒಳ್ಳೆಯ ಮಾತು. ಆದರೆ ಅವರು ಇಷ್ಟು ಅಚ್ಚುಕಟ್ಟಾದ ಮಾತು ಆಡಿದ್ದನ್ನು ನಾನು ಬೇರೆಂದೂ ಕೇಳಿಲ್ಲ. ಮಾವನನ್ನು ಕೇಳಿದರೆ ದಾರಿಯುದ್ದಕ್ಕೂ ಯಾರೂ ಮಾತಾಡಲಿಲ್ಲ ಎನ್ನುತ್ತಾರೆ. ಕಾರು ಹತ್ತಿದ ಕೂಡಲೇ ನನಗೆ "ಸೀಟ್ ಬೆಲ್ಟ್ ಹಾಕ್ಕೋ" ಎಂದದ್ದು ಮಾತ್ರ ನಿಶ್ಚಯ. ಉಳಿದದ್ದನ್ನು ನಾನು ಬರೆದುಕೊಂಡಿರಬೇಕು.

ಆಸ್ಪತ್ರೆಯಲ್ಲಿ ಮಾವನ ಕಾಲಿನ ಎರಡು ಬೆರಳು ತೆಗೆದರು. ಇನ್ನು ಕೆಲವು ದಿನ ಬಿಟ್ಟಿದ್ದರೆ ಪಾದವೇ ಹೋಗುತ್ತಿತ್ತು ಎಂದು ಅಲ್ಲಿಯ ಸರ್ಜನ್ ಅತ್ತೆಗೆ ಹೇಳಿದಾಗ ನಾನು ಪಕ್ಕದಲ್ಲಿದ್ದೆ. ಮಾವ ಈಗಲೂ ಇದ್ದಾರೆ, ವಿಶೇಷ ಬೂಟು ಹಾಕಿಕೊಂಡು ಒಂದು ಮೈಲಿ ನಡೆಯುತ್ತಾರೆ.

ಆಂಟಿ ನನಗೆ ಏನೂ ಅನ್ನಲಿಲ್ಲ. ಅಂದಿದ್ದರೆ ವಾದಿಸಬಹುದಿತ್ತು. ಶನಿವಾರಗಳು ಮತ್ತೆ ನಡೆದವು. ಮಾವನಿಗೆ ಪಟ್ಟಿ ಇಲ್ಲ, ಬರೀ ಹೆಬ್ಬೆರಳು. ಉಳಿದವರಿಗೆ ಎರಡೂ. ಇಡ್ಲಿಯ ದಿನ ನಕ್ಕವರೆಲ್ಲ ವಾಪಸು ಬಂದಿದ್ದರು. ನಾನು ತಡೆಯಲಾರದೆ ಒಮ್ಮೆ ಕೇಳಿದೆ, "ಆಂಟಿ, ಇನ್ನೂ ಯಾಕೆ ಈ ಪಟ್ಟಿ? ಬರೀ ಕಾಲು ನೋಡಿದ್ರೆ ಸಾಕಲ್ವಾ?"

"ಬರೇ ಕಾಲು ನೋಡ್ತೀನಿ ಬರ್ರಿ ಅಂದ್ರ ಯಾರ್ ಬರ್ತಾರೋ, ಸೈಂಟಿಸ್ಟಾ?"

ಇದನ್ನು ಕೇಳಿ ಅವರು ಎಲ್ಲ ತಿಳಿದೇ ಮಾಡುತ್ತಿದ್ದರು ಎಂಬ ತೀರ್ಮಾನಕ್ಕೆ ಬಂದೆ. ಅದೂ ನಿಲ್ಲಲಿಲ್ಲ. ಅವರು ತೀರಿಕೊಂಡಾಗ ಮಗಳನ್ನು ಕೇಳಿದೆ. ಅವಳು ಇಂಗ್ಲಿಷಿನಲ್ಲಿ, ಅಮ್ಮ ಪೂರ್ತಿ ನಂಬಿದ್ದಳು, ಕೊನೆಯ ವಾರದವರೆಗೂ ತಾನೂ ಹಾಕಿಕೊಳ್ಳುತ್ತಿದ್ದಳು, ಕಪ್ಪಾದರೆ ಸಮಾಧಾನಪಡುತ್ತಿದ್ದಳು ಎಂದಳು. ನಂಬಿಕೆಯೂ ಇತ್ತು, ತಪಾಸಣೆಯೂ ಇತ್ತು. ಒಂದೇ ತಲೆಯಲ್ಲಿ ಎರಡೂ ಹೇಗಿದ್ದವು ಎಂಬುದು ನನಗೆ ತಿಳಿದಿಲ್ಲ.

ನಾನು ಕೆಲಸ ಸಿಕ್ಕಿ ಬೇರೆ ರಾಜ್ಯದ ಲಿಸ್ಲ್‌ಗೆ ಹೊರಟ ದಿನ, ಜನವರಿಯಲ್ಲಿ, ವಿದಾಯ ಹೇಳಲು ಹೋದಾಗ, ಬಾಗಿಲಲ್ಲೇ ನಿಲ್ಲಿಸಿ, ಬೂಟು ಬಿಚ್ಚಿಸಿ, ಚಪ್ಪಲಿ ಸ್ಟ್ಯಾಂಡಿನ ಮೇಲೆ ಕೂರಿಸಿ ನನ್ನ ಕಾಲು ನೋಡಿದರು. ಪಟ್ಟಿ ಹಚ್ಚಲಿಲ್ಲ. "ಛಲೋ ಅದಾವ. ಹೋಗಿ ಬಾ" ಎಂದರು. ನಾನು ಅವರ ಭುಜ ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಮರೆತೆ. ಇದು ಚೆನ್ನಾಗಿ ನೆನಪಿದೆ.

ಲಿಸ್ಲ್‌ನ ಆಫೀಸಿನಲ್ಲಿ ಊಟದ ಹೊತ್ತಿಗೆ ಯಾರಾದರೂ ಡೀಟಾಕ್ಸ್ ಚಹಾ, ಡೀಟಾಕ್ಸ್ ರಸ ಎಂದು ಶುರು ಮಾಡಿದರೆ ನಾನು ಇಡ್ಲಿಯ ಕಥೆ ಹೇಳುತ್ತಿದ್ದೆ. ಕಥೆ ಹೇಳುತ್ತಾ ಹೇಳುತ್ತಾ ಬೆಳೆಯಿತು. ಕೆಲವು ವರ್ಷಗಳಲ್ಲಿ ಅದರ ಕೊನೆ ಹೀಗಾಗಿತ್ತು: ನಮ್ಮ ಮಾವ ಆ ಪಟ್ಟಿಗಳನ್ನು ನಂಬಿಕೊಂಡಿದ್ದರು, ಪಟ್ಟಿಯ ಕೆಳಗೆ ಗಾಯ ವಾರಗಟ್ಟಲೆ ಕೊಳೆಯಿತು, ಎರಡು ಬೆರಳು ಹೋದವು. ಕೇಳಿದವರು ಅಯ್ಯೋ ಎನ್ನುತ್ತಿದ್ದರು. ನನಗೂ ಅದೇ ನಡೆದದ್ದು ಎನ್ನಿಸತೊಡಗಿತ್ತು. ಬೇಕೆಂದೇ ಸುಳ್ಳು ಹೇಳಿದೆ ಎಂದು ನನಗೆ ಅನ್ನಿಸುವುದಿಲ್ಲ.

ಆಂಟಿ ಹೋದದ್ದು ಎರಡು ವರ್ಷದ ಹಿಂದೆ, ಮಾರ್ಚಿನಲ್ಲಿ, ನಿದ್ದೆಯಲ್ಲಿ. ನಾನು ಲಿಸ್ಲ್‌ನಿಂದ ಡ್ರೈವ್ ಮಾಡಿಕೊಂಡು ಹೋದೆ. ಅಂತ್ಯಕ್ರಿಯೆಯ ಕೊಠಡಿಯಲ್ಲಿ ಪೆಟ್ಟಿಗೆಯ ಮುಂದೆ ಸಾಲು ನಿಂತಿತ್ತು. ಮಾವ ತಮ್ಮ ಸರದಿ ಬಂದಾಗ ಬಗ್ಗಿ, ಅವರ ಭುಜವನ್ನು ಬೆರಳ ತುದಿಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡರು. ಅವರ ಹಿಂದೆ ನಿಂತಿದ್ದ ಅಂಕಲ್‌ಗಳೂ ಒಬ್ಬೊಬ್ಬರಾಗಿ ಹಾಗೇ ಮಾಡಿದರು. ಆ ಸಾಲಿನಲ್ಲಿ ನಿಂತಿದ್ದಾಗ ನನ್ನ ಕಥೆಯ ಕೊನೆಯ ಬಗ್ಗೆ ನನಗೆ ಅನುಮಾನ ಬಂತು. ಪಟ್ಟಿಯ ಕೆಳಗೆ ಗಾಯ ಕೊಳೆಯುವುದಾದರೆ, ಪ್ರತಿ ವಾರ ಆ ಹೆಬ್ಬೆರಳು ಅದನ್ನು ಗುರುತಿಸದೆ ದಾಟಿ ಹೋಗಿರಬೇಕು.

ಅವತ್ತು ಸಂಜೆ ಮಾವನ ಮನೆಯಲ್ಲಿ ಆಸ್ಪತ್ರೆಯ ಹಳೆಯ ಫೈಲು ಕೇಳಿದೆ. "ಈಗ್ಯಾಕೋ ಅದು?" ಎಂದು ಗೊಣಗುತ್ತಲೇ ಅತ್ತೆ ತಂದುಕೊಟ್ಟರು. ದಾಖಲು ಮಾಡಿಕೊಂಡ ನರ್ಸ್ ಬರೆದ ಪುಟ ಮೊದಲಲ್ಲೇ ಇತ್ತು. ರೋಗಿಗೆ ಪಾದಗಳಲ್ಲಿ ಸ್ಪರ್ಶವಿಲ್ಲ. ವಿವರ ಕೊಟ್ಟವರು ನೆರೆಮನೆಯ ಮಹಿಳೆ, ಗಾಯಕ್ಕೆ ಕಾರಣವಾದ ಬೂಟನ್ನು ಜೊತೆಗೆ ತಂದಿದ್ದಾರೆ. ಇವರು ರೋಗಿಯ ಅಂಗಾಲುಗಳನ್ನು ಪ್ರತಿ ಶನಿವಾರ ಕೈಯಿಂದ ಮುಟ್ಟಿ ಪರೀಕ್ಷಿಸುತ್ತಾರೆ. ಕೊನೆಯ ಪರೀಕ್ಷೆ ಹದಿನಾಲ್ಕು ದಿನಗಳ ಹಿಂದೆ, ಆಗ ಗಾಯವಿರಲಿಲ್ಲ. ಅದರ ಕೆಳಗೆ ಡಾಕ್ಟರ ಕೈಬರಹ: ಗಾಯ ಒಂದು ವಾರಕ್ಕಿಂತ ಹಳೆಯದು. ಮತ್ತೆ ನರ್ಸ್ ಬರೆದ ಒಂದು ಸಾಲು, ಆಂಟಿಯೇ ಹೇಳಿ ಬರೆಸಿರಬೇಕು, ಕಾರಣ ಕೊಟ್ಟಿರಲಿಲ್ಲ: ಕಳೆದ ಶನಿವಾರ ಪರೀಕ್ಷೆ ನಡೆದಿಲ್ಲ.